ಎರಡನೇ ಬಳೆಯೊಳಗಿನ ಚೆಂಡು

ನನ್ನ ಮೊಮ್ಮಗಳು ಶ್ರಾವಣಿಗೆ ಕೆಲಸ ಸಿಕ್ಕಿತು! ಮೊನ್ನೆ ಸೋಮವಾರ ಬೆಳಿಗ್ಗೆ ಫೋನು ಬಂತು. ಗಾಲ್ಫ್ ಆಡುವ ಹೆಣ್ಣುಮಕ್ಕಳ ಒಂದು ತಂಡದ ಜೊತೆ ಊರೂರು ತಿರುಗಬೇಕು. ಯಾರು ಎಲ್ಲಿಂದ ಹೊಡೆದರು, ಚೆಂಡು ಎಲ್ಲಿ ನಿಂತಿತು, ಆಟ ಎಲ್ಲಿ ಕೈಬಿಟ್ಟಿತು ಎಂದು ಲೆಕ್ಕ ತೆಗೆದು ಹೇಳಬೇಕು. ಅದಕ್ಕೆ ಸಂಬಳ, ಮೇಲೆ ವಿಮಾನದ ಖರ್ಚು! ಫೋನು ಇಟ್ಟವಳೇ ಓಡಿಬಂದು ನನ್ನನ್ನು ಎತ್ತಿಯೇ ಬಿಟ್ಟಳು. ನಾನೇನು ಹಗುರ ಹೆಂಗಸಲ್ಲ. ಮಂಚದ ಮೇಲೆ ಇಬ್ಬರೂ ಬಿದ್ದೆವು, ಬಿದ್ದಲ್ಲೇ ನಕ್ಕೆವು. ಮನೀಶ್ ನಗರದ ನಮ್ಮ ಕಟ್ಟಡದಲ್ಲಿ ನಾನು ಸುದ್ದಿ ಹೇಳದ ಬಾಗಿಲು ಉಳಿದಿಲ್ಲ. ಹಾಲಿನವನಿಗೂ ಹೇಳಿದೆ.

"ಅಜ್ಜಿ, ಖೇಲನೇ ಕಾ ಪಗಾರ್?" ಎಂದ ಅವನು.

"ಖೇಲನೇ ಕಾ ನಹೀ, ದೇಖನೇ ಕಾ," ಎಂದೆ.

ಆಡುವುದಕ್ಕಲ್ಲ, ನೋಡುವುದಕ್ಕೇ ಪಗಾರ ಎಂದು ತಿಳಿದಾಗ ಅವನು ಹಾಲಿನ ಅಳತೆ ಮರೆತು ನಿಂತುಬಿಟ್ಟ. "ನನ್ನ ಮಗನನ್ನೂ ಹಚ್ಚಿಬಿಡಿ ಅಜ್ಜಿ, ಅವನೂ ದಿನವೆಲ್ಲ ನೋಡುತ್ತಲೇ ಇರುತ್ತಾನೆ" ಎಂದ.

ಅವನಿಗೆ ಹೇಗೆ ತಿಳಿಸಲಿ, ನಾನು ಅದೇ ಕೆಲಸ ಮಾಡಿ ನಿವೃತ್ತಳಾದವಳು ಎಂದು? ಇದೇ ನಾಗಪುರದಲ್ಲಿ, ಕೈಯಲ್ಲಿ ಗೋಣಿತಟ್ಟು ಹಿಡಿದು. ಶ್ರಾವಣಿ ಹಟ ಹಿಡಿದಳು: "ಅಜ್ಜಿ, ಎಲ್ಲಾ ಬರದು ಇಡು. ಈ ಕೆಲಸಕ್ಕ ಬರೋ ಹುಡುಗ್ಯಾರು ನನ್ನಂಗ ಭಾಳ ಮಂದಿ ಅದಾರ." ಅವಳಿಗೆ ಕನ್ನಡ ಓದಲು ತಡವರಿಕೆ, ಅವಳ ಅವ್ವ ಓದಿ ಹೇಳುತ್ತಾಳೆ. ನಾನು ಕಲಿತದ್ದು ಗದಗಿನ ಸಾಲೆಯಲ್ಲಿ ಮೂರನೇ ಇಯತ್ತೆ. ಆದದ್ದು ಆಗಲಿ ಎಂದು ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ನಾಗಪುರಕ್ಕೆ ಬಂದಾಗ ಇದು ಇನ್ನೂ ಹಳೆಯ ಮಧ್ಯಪ್ರದೇಶದ ರಾಜಧಾನಿ. ಸಾಹೇಬರಿಗೆ ಬರವಿರಲಿಲ್ಲ. ನನ್ನ ಯಜಮಾನರು ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಅಜನಿಯ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ, ಅದರಲ್ಲಿ ನಾವಿಬ್ಬರು ಮತ್ತು ಅತ್ತೆ. ಪಕ್ಕದ ಮನೆಯ ಭಾಗೀರಥಿ ಗಾಲ್ಫ್ ಕ್ಲಬ್ಬಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನ ನನ್ನನ್ನೂ ಕರೆದುಕೊಂಡು ಹೋದಳು.

ಈಗಿನವರು ಗಾಲ್ಫ್ ಮೈದಾನವೆಂದರೆ ಹಸಿರು ಜಮಖಾನೆ ಎಂದುಕೊಂಡಿದ್ದೀರಿ. ಆಗ ಬೇಸಿಗೆಯಲ್ಲಿ ಕುಡಿಯುವ ನೀರಿಗೇ ತತ್ವಾರ. ಹುಲ್ಲಿಗೆ ಯಾರು ನೀರು ಬಿಡುತ್ತಾರೆ? ಚೆಂಡು ಬೀಳಿಸುವ ಕುಳಿಯ ಸುತ್ತ ದೊಡ್ಡ ಅಂಗಳದಷ್ಟು ಜಾಗಕ್ಕೆ ಸಣ್ಣ ಮರಳು ಹಾಸಿ, ಅದಕ್ಕೆ ಇಂಜಿನಿನ ಸುಟ್ಟ ಎಣ್ಣೆ ಕಲೆಸಿ, ತಟ್ಟಿ ಸಮ ಮಾಡುತ್ತಿದ್ದರು. ಅದಕ್ಕೆ ಬ್ರೌನ್ ಎಂದು ಹೆಸರು. ಸಾಹೇಬರು ದೂರದಿಂದ ಹೊಡೆಯುತ್ತ ಹೊಡೆಯುತ್ತ ಬಂದು ಚೆಂಡನ್ನು ಬ್ರೌನಿಗೆ ಮುಟ್ಟಿಸಬೇಕು, ಆಮೇಲೆ ಮೆಲ್ಲಗೆ ಉರುಳಿಸಿ ಕುಳಿಗೆ ಹಾಕಬೇಕು. ಹಾಗೆ ಉರುಳಿಸುವುದಕ್ಕೆ ಪಟ್ ಎನ್ನುತ್ತಾರೆ. ಒಟ್ಟು ಹೊಡೆತ ಯಾರದು ಕಡಿಮೆಯೋ ಅವರು ಗೆದ್ದರು. ಆಟವೆಂದರೆ ಇಷ್ಟೇ. ಉಳಿದದ್ದೆಲ್ಲ ಬಿಸಿಲು.

ಎಣ್ಣೆ ಹಾಕಿದ ಮರಳಿನ ಮೇಲೆ ಹೆಜ್ಜೆ ಇಟ್ಟರೂ ಗುರುತು, ಚೆಂಡು ಉರುಳಿದರೂ ಗುರುತು. ಒಂದು ಗುಂಪು ಆಡಿ ಮುಂದೆ ಹೋದೊಡನೆ ಅದನ್ನೆಲ್ಲ ಅಳಿಸುವುದು ನಮ್ಮ ಕೆಲಸ. ಕೋಲಿಗೆ ಕಟ್ಟಿದ ಗೋಣಿತಟ್ಟನ್ನು ಕುಳಿಯ ಸುತ್ತ ಒಂದು ಸುತ್ತು ಎಳೆಯುವುದು, ತಟ್ಟಿನಗಲ ಹೊರಗೆ ಸರಿಯುವುದು, ಮತ್ತೊಂದು ಸುತ್ತು. ಅಂಚಿನವರೆಗೂ ಹೀಗೆ. ಮುಗಿದಾಗ ಬ್ರೌನಿನ ತುಂಬ ಒಂದರ ಹೊರಗೊಂದು ದುಂಡನೆಯ ಗೆರೆಗಳು ಉಳಿಯುತ್ತಿದ್ದವು. ನಾವು ಹೆಂಗಸರು ಅವಕ್ಕೆ ಬಳೆ ಎನ್ನುತ್ತಿದ್ದೆವು. ಕುಳಿಯ ಹತ್ತಿರದ್ದು ಮೊದಲ ಬಳೆ, ಅದರಾಚೆಯದು ಎರಡನೆಯದು.

ಮನೆಗೆ ಹೋದರೆ ಮೈಯೆಲ್ಲ ಇಂಜಿನಿನ ವಾಸನೆ. ಅತ್ತೆ ಬಾಗಿಲಲ್ಲೇ ತಡೆಯುತ್ತಿದ್ದರು. "ಗಂಡನೂ ಎಣ್ಣಿ, ಹೆಂಡತೀನೂ ಎಣ್ಣಿ! ಮನ್ಯಾಗ ಒಗ್ಗರಣಿಗೆ ಮಾತ್ರ ಎಣ್ಣಿಲ್ಲ. ಮೊದ್ಲ ಬೂದಿ ಹಚ್ಚಿ ಕೈ ತೊಳಿ, ಆಮ್ಯಾಲ ಹಿಟ್ಟು ಮುಟ್ಟು."

ನಮ್ಮ ಮೇಲಿನವನು ಮುಕಾದಮ ತುಕಾರಾಮ, ಕೂಲಿಯವರ ಮೇಸ್ತ್ರಿ. ಅವನ ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಉಳಿತಾಯದ ಹುಚ್ಚು ಮಾತ್ರ ವಿಪರೀತ. ಒಂದು ಸಲ ಗಾಂಧಿಬಾಗಿನ ಸಗಟು ಅಂಗಡಿಗಳಿಂದ ಅಗ್ಗದ ಗೋಣಿಚೀಲ ತಂದ. ಮೂಸಿ ನೋಡುವ ಬುದ್ಧಿ ಯಾರಿಗೂ ಬರಲಿಲ್ಲ. ಅವು ಮೆಣಸಿನಕಾಯಿ ತುಂಬಿದ್ದ ಚೀಲಗಳು! ನಾವು ಎಳೆದ ಹಾಗೆಲ್ಲ ಘಾಟು ಎದ್ದಿತು. ಕ್ಲಬ್ಬಿನ ಸೆಕ್ರೆಟರಿ ಸಾಹೇಬರು, ಸೈನ್ಯದಿಂದ ನಿವೃತ್ತರಾದ ದೊಡ್ಡ ಮೀಸೆಯವರು, ಉಸಿರು ಬಿಗಿಹಿಡಿದು ಪಟ್ ಮಾಡಲು ಬಗ್ಗಿದ್ದರು. ಸೀನಿದರು ನೋಡಿ, ಚೆಂಡು ಬ್ರೌನು ದಾಟಿ ಬೇವಿನ ಮರದ ಬುಡಕ್ಕೆ ಹೋಯಿತು. ಮುಕಾದಮ ಆ ಮರದ ಹಿಂದೆಯೇ ಅಡಗಿದ್ದ. ಸಾಹೇಬರು ಚೆಂಡು ಹುಡುಕುತ್ತ ಹೋಗಿ ಅವನನ್ನು ಹಿಡಿದರು. ಇಬ್ಬರೂ ಎದುರಾ ಬದುರಾ ನಿಂತು ಸೀನಿದರು. ಬೈಗುಳಕ್ಕೆ ಉಸಿರೇ ಉಳಿಯಲಿಲ್ಲ.

ಇನ್ನೊಮ್ಮೆ ಪಂದ್ಯದ ದಿನ ಬೆಳಿಗ್ಗೆ ಎಮ್ಮೆಯೊಂದು ನಾವು ಸಮ ಮಾಡಿದ ಬ್ರೌನಿನ ಮೇಲೆ ಸಾವಕಾಶವಾಗಿ ನಡೆದುಹೋಯಿತು. ಭಾಗೀರಥಿ ಕೈಮುಗಿದು, "ಬಾಯಿಸಾಹೇಬ, ನಿಮ್ಮ ಪಟ್ ಆಯಿತೇ?" ಎಂದು ಅದನ್ನೇ ಕೇಳಿದಳು.

ಈಗ ಲೆಕ್ಕದ ಮಾತಿಗೆ ಬರುತ್ತೇನೆ.

ದಿನವೂ ಅಳಿಸುವವರಿಗೆ ಗೆರೆಗಳು ತಾವಾಗಿಯೇ ಮಾತಾಡುತ್ತವೆ. ಒಬ್ಬರ ಚೆಂಡು ಯಾವಾಗಲೂ ಕುಳಿಯ ಈಚೆಗೇ ನಿಲ್ಲುವುದು, ಇನ್ನೊಬ್ಬರದು ಎಡಕ್ಕೇ ಜಾರುವುದು. ಸೆಕ್ರೆಟರಿ ಸಾಹೇಬರಿಗೆ ಅದೊಂದು ಮೋಜು. ನನ್ನ ಬ್ರೌನು ಕಡೆಯದು, ಕ್ಲಬ್ಬಿನ ಜಗುಲಿಯ ಎದುರಿಗೇ ಇತ್ತು. "ಗೌರಾಬಾಯಿ, ಈಗ ಯಾರು ಆಡಿಹೋದರು?" ಎಂದು ಕೇಳುವರು. ನಾನು ಗೆರೆ ನೋಡಿ ಹೇಳುವೆ. ಒಮ್ಮೊಮ್ಮೆ ತಪ್ಪುತ್ತಿತ್ತು, ಆಗ ಅವರಿಗೆ ಇನ್ನೂ ಖುಷಿ.

ಆ ವರ್ಷ ಚಳಿಗಾಲದಲ್ಲಿ ಜಬಲ್ಪುರದ ತಂಡದೊಂದಿಗೆ ಪಂದ್ಯ ಗೊತ್ತಾಯಿತು. ನಮ್ಮ ತಂಡದಲ್ಲಿ ಒಂದೇ ಜಾಗ ಉಳಿದಿತ್ತು, ಆ ಜಾಗಕ್ಕೆ ಇಬ್ಬರು. ಒಬ್ಬರು ಕಾಡಿನ ಇಲಾಖೆಯ ಠಾಕೂರ್ ಸಾಹೇಬರು. ಇನ್ನೊಬ್ಬರು ರೈಲ್ವೆ ಆಸ್ಪತ್ರೆಯ ಡಾಕ್ಟರ್ ಬಾಯಿ. ಆ ತಂಡದಲ್ಲಿ ಅಲ್ಲಿಯವರೆಗೆ ಹೆಂಗಸು ಆಡಿದ್ದೇ ಇಲ್ಲ.

ಡಾಕ್ಟರ್ ಬಾಯಿ ಬೆಳಗಾವಿಯಲ್ಲಿ ಬೆಳೆದವರು. ಮರಾಠಿ ಮನೆಮಾತಾದರೂ ನನ್ನ ಜೊತೆ ಕನ್ನಡವೇ. ಸೆರಗನ್ನು ಬಿಗಿಯಾಗಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿ ಹೊಡೆದರೆಂದರೆ ಚೆಂಡು ಹೋದ ದಾರಿ ಕಾಣುತ್ತಿರಲಿಲ್ಲ. ಬೇಸಿಗೆಗೆ ಅವರಿಗೆ ವರ್ಗವಾಗುವುದು ಖಾತ್ರಿಯಾಗಿತ್ತು. ಒಂದು ಸಂಜೆ ಬೂಟಿನ ಮರಳು ಕೊಡವುತ್ತ ಹೇಳಿದರು: "ಗೌರವ್ವಾ, ಆಸ್ಪತ್ರ್ಯಾಗ ನಾ ಲೇಡಿ ಡಾಕ್ಟರ್. ಕ್ಲಬ್ಬಿನ್ಯಾಗ ಲೇಡಿ ಮೆಂಬರ್. ಈ ಊರು ಬಿಡೂದರೊಳಗ ಒಂದ್ಸಲ ಬರೇ ಆಟಗಾರ ಅನ್ನಿಸ್ಕೋಬೇಕು ನೋಡು. ಆ ಒಂದು ಜಾಗ ನನಗ ಬೇಕೇ ಬೇಕು."

ಅವರ ಒಟ್ಟು ಹೊಡೆತವೂ ಠಾಕೂರ್ ಸಾಹೇಬರ ಒಟ್ಟು ಹೊಡೆತವೂ ತಿಂಗಳಿಡೀ ಸರಿಸಮ. ಆಗ ಸೆಕ್ರೆಟರಿ ಸಾಹೇಬರಿಗೆ ಹೊಸ ಉಪಾಯ ಹೊಳೆಯಿತು. ಪಂದ್ಯ ಗೆಲ್ಲುವುದು ಬ್ರೌನಿನ ಮೇಲೆ. ಹಾಗಾದರೆ ಯಾರು ಕಡಿಮೆ ಪಟ್ಟಿನಲ್ಲಿ ಮುಗಿಸುತ್ತಾರೋ ಅವರೇ ಮೇಲು. ಪ್ರತಿ ಬ್ರೌನಿನ ಪಕ್ಕ ಎರಡು ಕುಡಿಕೆ ಇಟ್ಟರು. ಒಂದಕ್ಕೆ ಕೆಂಪು ಚಿಂದಿ, ಅದು ಡಾಕ್ಟರ್ ಬಾಯಿಯದು. ಇನ್ನೊಂದಕ್ಕೆ ಬಿಳಿ ಚಿಂದಿ. ಒಂದು ಪಟ್ಟಿಗೆ ಒಂದು ಹುಣಸೆ ಬೀಜ. ಹಾಕುವವರು ನಾವು. ಅಬ್ಬಾ, ಏನು ಜಂಬ ನಮಗೆ! ಭಾಗೀರಥಿಯಂತೂ ಬೀಜಗಳನ್ನು ಮನೆಯಲ್ಲಿ ತೊಳೆದು, ಒಣಗಿಸಿ ತರುತ್ತಿದ್ದಳು.

ವಾರ ಕಳೆದ ಮೇಲೆ ಮುಕಾದಮ ಎಲ್ಲ ಕುಡಿಕೆಗಳನ್ನೂ ಜಗುಲಿಗೆ ತಂದು ಸುರಿದ. ಎಣಿಸುವ ಅಗತ್ಯವೇ ಇರಲಿಲ್ಲ, ಕೆಂಪು ಚಿಂದಿಯ ರಾಶಿಯೇ ಎತ್ತರ. "ಡಾಕ್ಟರ್, ಬೀಜ ಸುಳ್ಳು ಹೇಳುವುದಿಲ್ಲ" ಎಂದರು ಸೆಕ್ರೆಟರಿ ಸಾಹೇಬರು, ಬೇಸರದಿಂದಲೇ. ಠಾಕೂರ್ ಸಾಹೇಬರ ಹೆಸರು ಹಲಗೆಯ ಮೇಲೆ ಬಂತು. ನನಗೂ ಅದು ಬರೋಬರ್ ಎನ್ನಿಸಿತು. ನಾನೇ ಕಣ್ಣಾರೆ ನೋಡಿ ಹಾಕಿದ ಬೀಜಗಳಲ್ಲವೇ? ಡಾಕ್ಟರ್ ಬಾಯಿ ಸೈಕಲ್ಲು ಹತ್ತಿ ಹೋಗಿಬಿಟ್ಟರು.

ಮರುದಿನ ನಸುಕಿನಲ್ಲೇ ಅವರು ನನ್ನ ಬ್ರೌನಿಗೆ ಬಂದರು. ಕುಕ್ಕರಗಾಲಲ್ಲಿ ಕುಳಿತರು.

"ಗೌರವ್ವಾ, ನಾ ಅಷ್ಟು ಕೆಟ್ಟ ಪಟ್ ಮಾಡ್ತೀನೇನ? ಖರೇ ಹೇಳು."

"ಬೀಜ ಜಾಸ್ತಿ ಬಿದ್ದಾವ್ರಿ ಬಾಯಾರ. ನಾ ಏನ್ ಮಾಡ್ಲಿ?"

"ಬೀಜ ಬಿಡು. ನನ್ನ ಗೆರಿ ಹೆಂಗಿರ್ತಾವ?"

"ಉದ್ದ ಇರ್ತಾವ್ರಿ. ಆ ಅಂಚಿನಿಂದ ಶುರು ಆಗ್ತಾವ."

"ಠಾಕೂರ್ ಸಾಹೇಬರವು?"

"ಅವರವು ಗಿಡ್ಡ. ಅವರು ಬ್ರೌನಿನ ಹೊರಗಿಂದ ಮೆಲ್ಲಕ ಚೆಂಡು ಎತ್ತಿ ಕುಳಿ ಬಾಜೂಕ ಇಳಸ್ತಾರ್ರಿ. ಮೊದಲನೇ ಬಳಿ, ಇಲ್ಲಾ ಎರಡನೇ ಬಳಿಯಿಂದ ಶುರು."

ಅವರು ನನ್ನ ಮುಖ ನೋಡಿದರು. "ಬಳಿ ಅಂದ್ರ?"

ನಾನು ತಟ್ಟಿನ ಗೆರೆಗಳನ್ನು ತೋರಿಸಿದೆ. ಅವರು ಬೆರಳಿನಿಂದ ಒಂದೊಂದೇ ಬಳೆ ಮುಟ್ಟುತ್ತ ಹೊರಗಿನವರೆಗೆ ಹೋದರು. ಆಮೇಲೆ ನಕ್ಕರು ನೋಡಿ, ಬೇವಿನ ಮರದ ಗಿಳಿಗಳೆಲ್ಲ ಹಾರಿದವು! "ಅಯ್ಯ ಗೌರವ್ವಾ, ನಾ ದೂರದಿಂದ ಹೊಡದು ಜಲ್ದಿ ಬ್ರೌನಿಗೆ ಬರ್ತೀನಿ. ಬಂದಾಗ ಕುಳಿ ದೂರ ಇರ್ತದ, ಅದಕ್ಕ ಎರಡು ಪಟ್ ಬೇಕು. ಅವರು ಒಂದು ಹೊಡೆತ ಹೊರಗ ಖರ್ಚು ಮಾಡಿ ಬಾಜೂಕ ಬರ್ತಾರ, ಅದಕ್ಕ ಒಂದೇ ಪಟ್ ಸಾಕು. ಒಟ್ಟು ಅಷ್ಟಕ್ಕಷ್ಟೇ ಅಲ್ಲೇನು? ಬೀಜ ಎಷ್ಟು ಅಂತ ಹೇಳ್ತದ, ಎಲ್ಲಿಂದ ಅಂತ ಹೇಳೂದಿಲ್ಲ."

ಅವರು ಹೇಳಿಕೊಟ್ಟ ಮೇಲೆಯೇ ನನಗೂ ಬೆಳಕಾದದ್ದು. ವಾರವಿಡೀ ಗೆರೆ ನೋಡಿದ್ದು ನಾನು, ಬೀಜ ಹಾಕಿದ್ದು ನಾನು. ಆದರೂ ತಲೆಗೆ ಹೋಗಿರಲಿಲ್ಲ.

ಸೆಕ್ರೆಟರಿ ಸಾಹೇಬರಿಗೆ ಒಪ್ಪಿಸುವುದು ಸುಲಭವಾಗಲಿಲ್ಲ. ಮೀಸೆ ತಿರುವಿದರು, ಹಲಗೆಯ ಮೇಲೆ ಬರೆದದ್ದು ಬರೆದದ್ದೇ ಎಂದರು. ಡಾಕ್ಟರ್ ಬಾಯಿ ಜಗಳ ತೆಗೆಯಲಿಲ್ಲ. ಅವರನ್ನು ಕರೆತಂದು ಬ್ರೌನಿನ ಅಂಚಿನಲ್ಲಿ ನಿಲ್ಲಿಸಿ, "ಇಲ್ಲಿಂದ ಒಂದೇ ಪಟ್ಟಿನಲ್ಲಿ ಹಾಕಿ ನೋಡೋಣ" ಎಂದರು. ಸಾಹೇಬರು ಹಾಕಿದರು, ಹಾಕಿದರು, ಹಾಕುತ್ತಲೇ ಇದ್ದರು, ಒಂದೂ ಕುಳಿಗೆ ಬೀಳಲಿಲ್ಲ. ಬೆವರು ಒರೆಸಿಕೊಂಡು ಹೋ ಎಂದು ನಕ್ಕರು. ಒಳ್ಳೆಯ ಮನುಷ್ಯ. "ಠೀಕ್ ಹೈ. ಇನ್ನೊಂದು ವಾರ ಬಳೆ ನೋಡಿ ಬೀಜ ಹಾಕಿ. ಆಮೇಲೆ ಇಬ್ಬರೂ ಒಂದು ಸುತ್ತು ಆಡಲಿ, ಗೆದ್ದವರಿಗೆ ಜಾಗ" ಎಂದರು. ಠಾಕೂರ್ ಸಾಹೇಬರೂ ಒಪ್ಪಿದರು.

ಕುಡಿಕೆಗಳು ಹೆಚ್ಚಾದವು. ಹತ್ತಿರದ ಬಳೆಗೆ ಒಂದು, ನಡುವಿನವಕ್ಕೆ ಒಂದು, ದೂರದವಕ್ಕೆ ಒಂದು. ಮುಕಾದಮ ತಲೆ ಚಚ್ಚಿಕೊಂಡ: "ಇದು ಗಾಲ್ಫೋ, ಕುಂಬಾರನ ಅಂಗಡಿಯೋ?"

ಆ ವಾರ ಬೀಜಗಳು ಹೇಳಿದ ಸಂಗತಿ ಡಾಕ್ಟರ್ ಬಾಯಿಗೂ ಪೂರ್ತಿ ಹಿತವಾಗಿರಲಿಲ್ಲ. ದೂರದಿಂದ ಅವರು ಯಾರಿಗೂ ಕಡಿಮೆಯಿಲ್ಲ. ಆದರೆ ಮೊದಲ ಪಟ್ ಬಂದು ಎರಡನೇ ಬಳೆಯಲ್ಲಿ ನಿಂತರೆ ಮುಗಿಯಿತು, ಅಲ್ಲಿಂದ ಮತ್ತೆ ಮತ್ತೆ ತಪ್ಪುತ್ತಿತ್ತು. ಹೆಂಗಸೊಬ್ಬಳು ಕೈಚಾಚಿ ಮಲಗಿದರೆ ಮುಟ್ಟುವಷ್ಟು ದೂರ ಅದು! ನಾನು ಹೇಳಲು ಹಿಂಜರಿದೆ. ಅವರೇ ಗದರಿದರು: "ರೋಗ ಎಲ್ಲಿ ಐತಿ ಅಂತ ಹೇಳಲಿಲ್ಲ ಅಂದ್ರ ಔಷಧ ಎಲ್ಲಿ ಹಚ್ಚಲಿ?"

ಅಂದಿನಿಂದ ದಿನವೂ ಆಸ್ಪತ್ರೆಗೆ ಹೋಗುವ ಮುಂಚೆ ನನ್ನ ಬ್ರೌನಿಗೆ ಬರುತ್ತಿದ್ದರು. ಎರಡನೇ ಬಳೆಯ ಮೇಲೆ ಸುತ್ತಲೂ ಚೆಂಡು ಇಟ್ಟು ಒಂದೊಂದೇ ಹಾಕುವುದು. ನಾನು ಗೆರೆ ನೋಡಿ, "ಬಲಕ್ಕ ಹೋಯ್ತ್ರಿ, ಮತ್ತ ಬಲಕ್ಕ" ಎನ್ನುವುದು, ಅಳಿಸುವುದು. ಬಲಕ್ಕೆ ಹೋಗುವುದೇಕೆಂದು ಅವರೇ ಕಂಡುಕೊಂಡರು. ಹತ್ತಿರ ಬಂದಾಗ ಚೆಂಡು ಬಿತ್ತೇ ಎಂದು ನೋಡುವ ಅವಸರಕ್ಕೆ ತಲೆ ಎತ್ತುತ್ತಿದ್ದರು, ತಲೆಯ ಜೊತೆ ಭುಜವೂ ಎದ್ದು ಕೋಲು ತಿರುಗುತ್ತಿತ್ತು. "ತಲಿ ಎತ್ತಬ್ಯಾಡ್ರಿ, ಬಿದ್ರ ನಾ ಹೇಳ್ತೀನಿ" ಎಂದೆ. ಕುಳಿಯೊಳಗಿನ ಡಬ್ಬಿಗೆ ಚೆಂಡು ಬಿದ್ದರೆ ಟಣ್ ಎಂದು ಸದ್ದು. ಆ ಸದ್ದು ಕೇಳುವವರೆಗೂ ಅವರು ಮರಳನ್ನೇ ನೋಡುತ್ತ ನಿಲ್ಲುವುದನ್ನು ಕಲಿತರು.

ಇಬ್ಬರೂ ಆಡುವ ದಿನ ಬಂತು. ಆಸ್ಪತ್ರೆಯ ದಾದಿಯರೂ ಬೇಲಿಯ ಆಚೆ ನಿಂತಿದ್ದರು. ಕಡೆಯ ಬ್ರೌನಿಗೆ ಬರುವಾಗ ಡಾಕ್ಟರ್ ಬಾಯಿಯದು ಎರಡು ಹೊಡೆತ ಕಡಿಮೆ ಎಂದು ಮುಕಾದಮ ಬಂದು ಕಿವಿಯಲ್ಲಿ ಹೇಳಿದ. ಅವರ ಚೆಂಡು ಅಂಚಿನಲ್ಲಿ. ಠಾಕೂರ್ ಸಾಹೇಬರದು ಮೊದಲ ಬಳೆಯೊಳಗೆ, ಅವರು ಒಂದೇ ಪಟ್ಟಿನಲ್ಲಿ ಮುಗಿಸುವುದು ಖಂಡಿತ. ಬಾಯಿಯವರು ಎರಡರಲ್ಲಿ ಮುಗಿಸಿದರೆ ಗೆಲುವು. ಮೂರಾದರೆ ಮತ್ತೆ ಸರಿಸಮ, ಹಲಗೆಯ ಮೇಲೆ ಮತ್ತೆ ಅದೇ ಹೆಸರು.

ಮೊದಲ ಪಟ್ ಉರುಳಿ ಬಂತು. ಬಂದು ನಿಂತದ್ದು ಎರಡನೇ ಬಳೆಯಲ್ಲೇ.

ಠಾಕೂರ್ ಸಾಹೇಬರ ಚೆಂಡು ಡಬ್ಬಿಗೆ ಬಿತ್ತು. ಡಾಕ್ಟರ್ ಬಾಯಿ ಬಗ್ಗಿದರು. ನಾನು ಗೋಣಿತಟ್ಟಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆ. ಅವರು ತಟ್ಟಿದರು. ತಲೆ ಎತ್ತಲಿಲ್ಲ. ಟಣ್ ಎಂದಿತು. ಆಗಲೂ ತಲೆ ಎತ್ತಲಿಲ್ಲ! ನಾನೇ ಕೂಗಿದೆ: "ಬಿತ್ತ್ರೀ ಬಾಯಾರ, ಬಿತ್ತು!"

ಬೇಲಿಯಾಚೆ ದಾದಿಯರು ಕುಣಿದರು. ಠಾಕೂರ್ ಸಾಹೇಬರು ಟೋಪಿ ತೆಗೆದು ಕೈ ಕುಲುಕಿದರು. ಸೆಕ್ರೆಟರಿ ಸಾಹೇಬರು ಸೀಮೆಸುಣ್ಣ ತರಿಸಿ ತಾವೇ ಹಲಗೆಯ ಮೇಲೆ ಹೆಸರು ಬರೆದರು, ಹಿಂದೆ ಮಿಸ್ ಇಲ್ಲ, ಲೇಡಿ ಇಲ್ಲ, ಬರೀ ಹೆಸರು. ನನಗೆ ಆ ಇಂಗ್ಲಿಷ್ ಅಕ್ಷರ ಓದಲು ಬರುತ್ತಿರಲಿಲ್ಲ. ಡಾಕ್ಟರ್ ಬಾಯಿ ಓದುತ್ತ ನಿಂತ ರೀತಿ ನೋಡಿ ತಿಳಿಯಿತು. ನಾನು ಬ್ರೌನಿನ ಮೇಲೆ ಆ ಕಡೆಯ ಪಟ್ಟಿನ ಗೆರೆಯನ್ನು ಅಳಿಸಲಾರದೆ ನಿಂತಿದ್ದರೆ ಮುಕಾದಮ ಅರಚಿದ: "ಬಾಯೀ, ಹಿಂದೆ ಜನ ಕಾಯುತ್ತಿದ್ದಾರೆ, ಜಲ್ದಿ!" ಅಳಿಸಿದೆ. ಕೆಲಸ ಕೆಲಸವೇ.

ಜಬಲ್ಪುರದವರ ಎದುರು ಡಾಕ್ಟರ್ ಬಾಯಿ ಸೋತರು. ಇದನ್ನು ಹೇಳಿದಾಗ ಶ್ರಾವಣಿಯ ಮುಖ ಸಣ್ಣದಾಯಿತು. ಅದರಲ್ಲೇನಿದೆ? ತಂಡದ ಇನ್ನೂ ಕೆಲವರು ಸೋತರು, ಹೆಂಗಸಾದದ್ದಕ್ಕೆ ಅವರು ಸೋತರು ಎಂದು ಯಾರೂ ಅನ್ನಲಿಲ್ಲ. ಎದುರಾಳಿ ಚೆನ್ನಾಗಿ ಆಡಿದ ಎಂದರು. ಬೇಸಿಗೆಗೆ ಅವರಿಗೆ ವರ್ಗವಾಯಿತು. ಆಮೇಲೆ ರಾಜಧಾನಿಯೂ ಭೋಪಾಲಕ್ಕೆ ಹೋಯಿತು, ಸಾಹೇಬರ ಸಂಖ್ಯೆ ಕರಗಿತು. ಬಹಳ ವರ್ಷಗಳ ನಂತರ ಬೋರ್ವೆಲ್ ಬಂತು, ಬ್ರೌನ್ ಹೋಗಿ ಹುಲ್ಲು ಬಂತು. ನಾನು ಗೋಣಿತಟ್ಟು ಬಿಟ್ಟು ಹುಲ್ಲಿನ ಕಳೆ ಕೀಳಲು ಕುಳಿತೆ, ಕೂದಲು ಬೆಳ್ಳಗಾಗುವವರೆಗೂ ಕಿತ್ತೆ. ಹುಲ್ಲು ಕಣ್ಣಿಗೆ ತಂಪು, ನಿಜ. ಆದರೆ ಅದರ ಮೇಲೆ ಚೆಂಡು ಉರುಳಿದ್ದು ಕಾಣುವುದಿಲ್ಲ. ಆ ಎಣ್ಣೆಮರಳಿನ ವಾಸನೆ ಈಗಲೂ ರೈಲು ನಿಲ್ದಾಣದ ಬಳಿ ಮೂಗಿಗೆ ಬಡಿದರೆ ನಾನು ನಿಂತುಬಿಡುತ್ತೇನೆ, ಮಗ ಕೈ ಹಿಡಿದು ಎಳೆಯಬೇಕು.

ಈ ಕೆಲಸಕ್ಕೆ ಬರುವ ಮಕ್ಕಳೇ, ನಿಮ್ಮ ಕೈಯಲ್ಲಿ ಕಂಪ್ಯೂಟರ್ ಇದೆ. ಎಷ್ಟು ಎಂದು ಅದು ತಟ್ಟನೆ ಹೇಳುತ್ತದೆ. ಎಲ್ಲಿಂದ ಎಂದು ನೀವು ಕೇಳಿ. ಮತ್ತೆ, ನಿಮ್ಮ ಲೆಕ್ಕದಿಂದ ಒಬ್ಬರ ಜಾಗ ಹೋಗುವಂತಿದ್ದರೆ, ಹಲಗೆಯ ಮೇಲೆ ಬರೆಯುವ ಮೊದಲು ಅವರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಆ ಗೆರೆಗಳನ್ನು ತೋರಿಸಿ. ತಮ್ಮ ಆಟ ಅವರಿಗೆ ಗೊತ್ತಿರುವಷ್ಟು ಬೀಜಕ್ಕೆ ಗೊತ್ತಿರುವುದಿಲ್ಲ.

ಸೋಮವಾರ ಸಂಜೆ ಸೊಸೆ ಸುನಂದಾ ಹೋಳಿಗೆ ಮಾಡಿದಳು. ಶ್ರಾವಣಿಗೆ ಇಷ್ಟವೆಂದು ಇಲ್ಲಿಯ ಪಾಟವಡಿ ರಸ್ಸಾ ಎಂಬ ಕಡಲೆಹಿಟ್ಟಿನ ವಡಿಯ ಖಾರದ ಸಾರು, ನನಗೆಂದು ಬಿಸಿ ರೊಟ್ಟಿ, ಎಣ್ಣೆಗಾಯಿ. ನಮ್ಮ ಮನೆಯಲ್ಲಿ ಗಂಡಸರು ಮೊದಲು ಉಣ್ಣುವುದು ಅತ್ತೆಯ ಕಾಲದಿಂದ ನಡೆದುಬಂದ ರೂಢಿ. ನನ್ನ ಮಗ ಬಸವರಾಜ, ಬುಟಿಬೋರಿಯ ಕಾರ್ಖಾನೆಯಿಂದ ನಿವೃತ್ತನಾದವನು, ಟಿ.ವಿ. ಮುಂದೆ ತಾಟು ಇಟ್ಟುಕೊಂಡು ಕುಳಿತ. ನಾನೂ ಸುನಂದಾಳೂ ಅಡುಗೆಮನೆಯಲ್ಲಿ ನಿಂತಿದ್ದೆವು.

ಶ್ರಾವಣಿ ಟಿ.ವಿ. ಆರಿಸಿದಳು. "ಪಪ್ಪಾ, ಇವತ್ತ ಎಲ್ಲಾರೂ ಕೂಡೋತನಕ ನಾ ಉಣ್ಣಂಗಿಲ್ಲ."

"ಎಲ್ಲಾರೂ ಕೂತ್ರ ಬಡಸೋರು ಯಾರವ್ವಾ?" ಎಂದ ಅವನು.

"ನಿಮ್ಮ ಕೈಗೆ ಏನಾಗೇದ? ಅಚ್ಛೇ ಭಲೇ ಅದಾವಲ್ಲ!"

ನನಗೆ ನಗು ತಡೆಯಲಾಗಲಿಲ್ಲ. ಬಸವರಾಜ ನನ್ನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಎದ್ದ. ಮೇಜಿನ ಸುತ್ತ ನಾಲ್ಕು ತಾಟು ಇಟ್ಟ. ನಾವು ಮೂವರು ಹೆಂಗಸರು ಕುಳಿತೆವು. ಸುನಂದಾ ಅರ್ಧ ಕುರ್ಚಿಯ ಮೇಲಷ್ಟೇ ಕುಳಿತಿದ್ದಳು, ಯಾವಾಗ ಬೇಕಾದರೂ ಎದ್ದು ಓಡುವವಳ ಹಾಗೆ. ಅವನು ರಸ್ಸಾ ಚೆಲ್ಲಿದ, ಹೋಳಿಗೆ ಹರಿದ, ತುಪ್ಪವನ್ನು ಹೋಳಿಗೆ ಬಿಟ್ಟು ಎಣ್ಣೆಗಾಯಿಗೆ ಹಾಕಿದ. ಕಡೆಗೆ ತಾನೂ ಬಂದು ನನ್ನ ಪಕ್ಕ ಕುಳಿತ.

ನಾಲ್ವರೂ ಒಟ್ಟಿಗೆ ತುತ್ತು ಎತ್ತಿದೆವು. ಈ ಮನೆಯಲ್ಲಿ ನಾನು ಬಿಸಿ ಹೋಳಿಗೆ ತಿಂದದ್ದು ಅಂದೇ ಮೊದಲು. ಬಡಿಸುವವಳ ಪಾಲಿಗೆ ಅದು ಯಾವಾಗಲೂ ಆರಿಯೇ ಬರುತ್ತದೆ.

"ಯವ್ವಾ, ಸಾಕೇನು?" ಎಂದ ಬಸವರಾಜ.

ಹೊಟ್ಟೆ ಆಗಲೇ ತುಂಬಿತ್ತು.

"ಇನ್ನೊಂದು ಹಾಕು," ಎಂದೆ.